ಪತ್ತೇದಾರಿ ಮಗಳಿಗೆ ನಾಲ್ಕನೇ ಪುಸ್ತಕ ಕೊಡಿಸಬೇಕಾ?

ನಮಸ್ಕಾರ ಮೇಡಂ,

ರಾಜಾಜಿನಗರದಿಂದ ನೀವು ಬರೆದ ಪತ್ರ ಓದಿದೆ. ಬೇರೆ ಓದುಗರಿಗೂ ವಿಷಯ ತಿಳಿಯಲಿ ಅಂತ ಮೊದಲು ಅದನ್ನು ಹೇಳಿಬಿಡುತ್ತೇನೆ. ನಿಮ್ಮ ಮಗಳು ಐದನೇ ಕ್ಲಾಸು. ಪುಟಾಣಿ ಪತ್ತೇದಾರರನ್ನು ತಯಾರು ಮಾಡುವ ಶಾಲೆಯೊಂದರ ಕಥೆಗಳ ಸರಣಿ ಹಿಡಿದು ಮೂರು ಪುಸ್ತಕ ಮುಗಿಸಿದ್ದಾಳೆ. ಈಚೆಗೆ ನಿಮ್ಮ ಕಿವಿಯ ಒಂದು ಓಲೆ ಕಾಣೆಯಾಯಿತು. ಅವಳು ನೋಟ್‌ಬುಕ್ ತೆಗೆದು ‘ಶಂಕಿತರು’ ಅಂತ ಪಟ್ಟಿ ಮಾಡಿ, ಎಲ್ಲರಿಗಿಂತ ಮೇಲೆ ಮನೆಕೆಲಸದ ಅಕ್ಕನ ಹೆಸರು ಬರೆದು, ಅವರು ಪಾತ್ರೆ ತೊಳೆಯುವಾಗ ಅವರ ಬ್ಯಾಗು ತೆರೆದು ನೋಡಿದಳು. ಅಕ್ಕ ಅದನ್ನು ಕಂಡುಬಿಟ್ಟರು. ಸಂಜೆ ಓಲೆ ನಿಮ್ಮ ದಿಂಬಿನ ಕವರಿನೊಳಗೆ ಸಿಕ್ಕಿತು. ಅಕ್ಕ ಈಗಲೂ ಕೆಲಸಕ್ಕೆ ಬರುತ್ತಾರೆ, ಮಗಳ ಹತ್ತಿರ ಮಾತ್ರ ಮಾತಾಡುವುದಿಲ್ಲ. ಮಕ್ಕಳ ತಲೆಗೆ ಅನುಮಾನ ತುಂಬುವ ಇಂಥ ಪುಸ್ತಕಗಳನ್ನು ನಮ್ಮ ಪತ್ರಿಕೆ ಯಾಕೆ ಹೊಗಳುತ್ತದೆ, ನಾಲ್ಕನೆಯದನ್ನು ಕೊಡಿಸಬೇಕಾ ಬೇಡವಾ ಅಂತ ಕೇಳಿದ್ದೀರಿ.

ಓದುವಾಗ ನನಗೆ ಜಾಸ್ತಿ ನೋವಾಗಿದ್ದು ಆ ಅಕ್ಕನ ಬಗ್ಗೆ. ಆಮೇಲೆ ಒಂದು ಪ್ರಶ್ನೆ ಕಾಡಿತು: ಪಟ್ಟಿಯಲ್ಲಿ ಅವರ ಹೆಸರೇ ಯಾಕೆ ಮೊದಲು ಬಂತು? ಅಪ್ಪ, ಅಜ್ಜಿ, ಓಲೆ ಕಳೆದುಕೊಂಡ ನೀವು, ಇವರು ಯಾರೂ ಅಲ್ಲಿರಲಿಲ್ಲ. ಇದನ್ನು ಅವಳು ಪುಸ್ತಕದಿಂದಲೇ ಕಲಿತಳು ಅಂತ ನನಗೆ ಅನಿಸುವುದಿಲ್ಲ. ನಮ್ಮ ಬೆಂಗಳೂರಿನ ಎಷ್ಟೋ ಅಪಾರ್ಟ್‌ಮೆಂಟುಗಳ ಗೇಟಿನಲ್ಲಿ ಕೆಲಸ ಮುಗಿಸಿ ಹೊರಡುವವರ ಬ್ಯಾಗು ತೆರೆಸುತ್ತಾರೆ. ಅಲ್ಲಿ ವಾಸ ಮಾಡುವವರ ಬ್ಯಾಗನ್ನು ಯಾರೂ ಮುಟ್ಟುವುದಿಲ್ಲ. ಸ್ಕೂಲ್ ವ್ಯಾನಿಗೆ ಕಾಯುತ್ತಾ ನಿಂತ ಮಕ್ಕಳು ಇದನ್ನೆಲ್ಲ ನೋಡುತ್ತಲೇ ಇರುತ್ತಾರೆ, ಅಲ್ವಾ? ಯಾರನ್ನು ಮೊದಲು ಅನುಮಾನಿಸಬೇಕು ಅನ್ನುವ ಪಾಠ ಅವರಿಗೆ ಅಲ್ಲೇ ಆಗಿಹೋಗಿರುತ್ತದೆ.

ಹಾಗಂತ ಪತ್ತೇದಾರಿ ಕಥೆಗಳು ಪೂರ್ತಿ ನಿರ್ದೋಷಿಗಳು ಅಂತಲೂ ಹೇಳುವುದಿಲ್ಲ. ಮಾಲಿ, ಅಲೆಮಾರಿ, ಅಡುಗೆಯವರು ಇವರ ಕಡೆಗೇ ಬೆರಳು ತೋರಿಸುವ ಕಥೆಗಳು ಬೇಕಾದಷ್ಟಿವೆ. ಈ ಚಾಳಿ ಹಳೆಯದು. ಅಮೆರಿಕದ ಲೇಖಕ ಎಸ್.ಎಸ್. ವಾನ್ ಡೈನ್ 1928ರಲ್ಲೇ ಪತ್ತೇದಾರಿ ಕಥೆ ಬರೆಯುವವರಿಗೆ 20 ನಿಯಮ ಹಾಕಿಕೊಟ್ಟರು. ಮನೆಕೆಲಸದವರನ್ನು ಅಪರಾಧಿ ಮಾಡಬೇಡಿ, ಅದು ತೀರಾ ಸುಲಭದ ಉತ್ತರ ಅನ್ನುವುದು ಅದರಲ್ಲಿ 11ನೆಯದು. ಅಪರಾಧಿ ಒಂದು ತೂಕ ಇರುವ ಮನುಷ್ಯನಾಗಿರಬೇಕು ಅಂತಲೂ ಅವರು ಸೇರಿಸುತ್ತಾರೆ, ಆ ದೊಡ್ಡಸ್ತಿಕೆ ನನಗೆ ಒಪ್ಪಿಗೆಯಿಲ್ಲ. ಆದರೆ ಸುಲಭದ ಉತ್ತರ ಅಂದರಲ್ಲ, ಅದು ನೂರಕ್ಕೆ ನೂರು ಸತ್ಯ.

ಪತ್ತೇದಾರರ ಶಾಲೆಯ ಕಥೆಗಳನ್ನು ನಾನು ಇಷ್ಟಪಡುವುದು ಇದೇ ಕಾರಣಕ್ಕೆ. ಮಾಮೂಲಿ ಕಥೆಯಲ್ಲಿ ಪತ್ತೇದಾರ ಎಲ್ಲ ಬಲ್ಲವನಾಗಿಯೇ ಬರುತ್ತಾನೆ, ನಾವು ಬಾಯಿ ಬಿಟ್ಟುಕೊಂಡು ನೋಡಬೇಕು ಅಷ್ಟೇ. ಶಾಲೆಯ ಕಥೆಯಲ್ಲಿ ಮಕ್ಕಳಿಗೆ ಇನ್ನೂ ಏನೂ ಬರುವುದಿಲ್ಲ. ಅವರು ಆತುರಪಟ್ಟು ಯಾರನ್ನೋ ಕಳ್ಳ ಅನ್ನುತ್ತಾರೆ, ಮೇಷ್ಟ್ರು ‘ಇದಕ್ಕೆ ಪುರಾವೆ ಏನು?’ ಅಂತ ನಿಲ್ಲಿಸುತ್ತಾರೆ, ಮತ್ತೆ ಮೊದಲಿಂದ ಶುರುಮಾಡಬೇಕಾಗುತ್ತದೆ. ಓದುವ ಮಗುವೂ ಅದೇ ಬೆಂಚಿನಲ್ಲಿ ಕೂತು ಕಲಿಯುತ್ತದೆ. ನಿಮ್ಮ ಮಗಳು, ಬಹಳಷ್ಟು ಮಕ್ಕಳು ಮಾಡುವ ಹಾಗೆ, ಕಳ್ಳನನ್ನು ಅಟ್ಟಿಸಿಕೊಂಡು ಹೋಗುವ ಪುಟಗಳನ್ನು ಆಸೆಯಿಂದ ಓದಿ ಪಾಠದ ಪುಟಗಳನ್ನು ಹಾರಿಸಿರಬೇಕು.

ಅವಳಿಗೆ ಒಂದು ನಿಜವಾದ ಕೇಸು ಹೇಳಿ. 1897ರಲ್ಲಿ ಬಂಗಾಳದ ಜಲ್ಪೈಗುರಿ ಜಿಲ್ಲೆಯ ಟೀ ತೋಟವೊಂದರ ಮ್ಯಾನೇಜರ್ ಕೊಲೆಯಾದರು, ದುಡ್ಡಿನ ಕಳವೂ ಆಗಿತ್ತು. ಅನುಮಾನ ತೋಟದ ಕೂಲಿಗಳ ಮೇಲೆ ಹೋಯಿತು, ಆಸುಪಾಸಿನಲ್ಲಿ ಓಡಾಡಿಕೊಂಡಿದ್ದ ಕಾಬೂಲಿಗಳ, ಅಂದರೆ ಅಫ್ಘಾನಿಸ್ತಾನದ ಕಡೆಯ ಅಲೆಮಾರಿಗಳ ಮೇಲೆ ಹೋಯಿತು, ಅಡುಗೆಯವನ ಮೇಲಂತೂ ಹೋಗಿಯೇ ಹೋಯಿತು, ಯಾಕೆಂದರೆ ಅವನ ಬಟ್ಟೆಯಲ್ಲಿ ರಕ್ತದ ಕಲೆ ಇತ್ತು. ಸಾಹೇಬರ ಊಟಕ್ಕೆ ಪಾರಿವಾಳ ಕೊಯ್ದಿದ್ದೆ ಅಂದ ಅವನು. ಪರೀಕ್ಷೆ ಮಾಡಿಸಿದಾಗ ಅವನ ಮಾತು ನಿಜ ಅಂತಾಯಿತು. ಅಲ್ಲಿ ಸಿಕ್ಕ ಒಂದು ಬಂಗಾಳಿ ಪಂಚಾಂಗದ ಮೇಲೆ ಮಾತ್ರ ರಕ್ತದ ಬೆರಳಚ್ಚು ಮೂಡಿತ್ತು. ಕಲ್ಕತ್ತಾದಲ್ಲಿ ಬೆರಳಚ್ಚು ವಿಭಾಗ ಶುರುವಾದ ಕಾಲ ಅದು. ಸಾವಿರಾರು ಅಚ್ಚುಗಳನ್ನು ಬೇಗ ಹುಡುಕುವ ಹಾಗೆ ವಿಂಗಡಿಸುವ ಲೆಕ್ಕಾಚಾರ ಕೂಡಿಸಿದ್ದು ಅಜೀಜುಲ್ ಹಕ್ ಮತ್ತು ಹೇಮಚಂದ್ರ ಬೋಸ್ ಅನ್ನುವ ಇಬ್ಬರು ಪೊಲೀಸರು, ಹೆಸರು ಮಾತ್ರ ಅವರ ಮೇಲಧಿಕಾರಿ ಎಡ್ವರ್ಡ್ ಹೆನ್ರಿಯದಾಯಿತು. ಅಲ್ಲಿ ಹೋಲಿಸಿ ನೋಡಿದಾಗ, ಹಿಂದೊಮ್ಮೆ ಅದೇ ಮ್ಯಾನೇಜರ್ ಮನೆಯಲ್ಲಿ ಕದ್ದು ಶಿಕ್ಷೆ ಅನುಭವಿಸಿದ್ದ ಒಬ್ಬನ ಹೆಬ್ಬೆರಳಿಗೆ ಅದು ತಾಳೆಯಾಯಿತು.

ಅವನೂ ಹಳೆಯ ಕೆಲಸದವನೇ. ಕೊನೆಗೆ ಸಿಕ್ಕಿದ್ದು ಕೆಲಸದವನೇ ತಾನೇ ಅಂತ ಮಗಳು ಕೇಳಿಯೇ ಕೇಳುತ್ತಾಳೆ, ಕೇಳಲಿ. ಅವನನ್ನು ಹಿಡಿದುಕೊಟ್ಟಿದ್ದು ಹೆಬ್ಬೆರಳು. ಅಡುಗೆಯವನನ್ನು ಬಿಡಿಸಿದ್ದು ರಕ್ತದ ಕಲೆಯ ಪರೀಕ್ಷೆ. ಅದಕ್ಕಿಂತ ಮುಖ್ಯವಾದದ್ದು ಆಮೇಲೆ ನಡೆಯಿತು. ಕೋರ್ಟು ಅವನಿಗೆ ಕಳವಿಗೆ ಶಿಕ್ಷೆ ಕೊಟ್ಟಿತು, ಕೊಲೆಯ ಆರೋಪದಿಂದ ಬಿಟ್ಟುಬಿಟ್ಟಿತು. ಪಂಚಾಂಗ ಮುಟ್ಟಿದ್ದಕ್ಕೆ ಗುರುತಿತ್ತು, ಕೊಂದದ್ದನ್ನು ಕಂಡವರಿರಲಿಲ್ಲ. ಪುರಾವೆ ಎಲ್ಲಿಯವರೆಗೆ ಹೋಗುತ್ತದೋ ಅಲ್ಲಿಯವರೆಗೆ ಮಾತ್ರ ಹೋಗಿ ನಿಲ್ಲುವುದು, ಒಂದು ಹೆಜ್ಜೆ ಕೂಡ ಮುಂದೆ ಇಡದೆ ಇರುವುದು, ದೊಡ್ಡವರಿಗೂ ಎಷ್ಟು ಕಷ್ಟ ನೋಡಿ!

ಈಗ ಮನೆಯಲ್ಲಿ ಏನು ಮಾಡಬಹುದು ಅಂತ ಹೇಳುತ್ತೇನೆ. ಮೊದಲು ಮಗಳು ಅಕ್ಕನ ಹತ್ತಿರ ಹೋಗಿ, ನೀವೂ ಪಕ್ಕದಲ್ಲಿದ್ದು, ನಾನು ಮಾಡಿದ್ದು ತಪ್ಪು ಅಂತ ನೇರವಾಗಿ ಹೇಳಲಿ. ಸುಮ್ನೆ ಚಾಕೊಲೇಟ್ ಕೊಟ್ಟು ಮುಗಿಸಬೇಡಿ. ಅಕ್ಕ ಕೂಡಲೇ ಕ್ಷಮಿಸದಿದ್ದರೆ ಅದು ಅವರ ಹಕ್ಕು.

ಆಮೇಲೆ ನೋಟ್‌ಬುಕ್. ಅದನ್ನು ಕಿತ್ತುಕೊಳ್ಳಬೇಡಿ. ಪುಟದ ನಡುವೆ ಗೆರೆ ಎಳೆಸಿ, ಎಡಗಡೆ ‘ಕಂಡದ್ದು’, ಬಲಗಡೆ ‘ಅಂದುಕೊಂಡದ್ದು’ ಅಂತ ಬರೆಯಿಸಿ. ಓಲೆಯ ಕೇಸನ್ನೇ ಮತ್ತೆ ಬರೆದರೆ ಎಡಗಡೆ ಏನಿರುತ್ತದೆ? ಅಮ್ಮ ರಾತ್ರಿ ಓಲೆ ಹಾಕಿಕೊಂಡೇ ಮಲಗಿದ್ದರು, ಬೆಳಿಗ್ಗೆ ಒಂದು ಕಿವಿಯಲ್ಲಿ ಇರಲಿಲ್ಲ. ಇಷ್ಟು ಬರೆದಿದ್ದರೆ ಅವಳು ನೇರವಾಗಿ ಹಾಸಿಗೆಗೇ ಹೋಗುತ್ತಿದ್ದಳು. ಇನ್ನೊಬ್ಬರ ಬ್ಯಾಗು, ಫೋನು, ಡ್ರಾಯರು ಕೇಳದೆ ಮುಟ್ಟಬಾರದು ಅನ್ನುವ ನಿಯಮ ಮೊದಲ ಪುಟದಲ್ಲೇ ಇರಲಿ.

ಕೈಗೆ ಕೆಲಸ ಬೇಕು ಅಂದರೆ ಬೆರಳಚ್ಚು ತೆಗೆಯಲಿ. ಪೆನ್ಸಿಲ್ ಸೀಸದ ಪುಡಿಯನ್ನು ಗಾಜಿನ ಲೋಟದ ಮೇಲೆ ಮೆತ್ತಗೆ ಬ್ರಷ್‌ನಲ್ಲಿ ಸವರಿ, ಸೆಲ್ಲೋ ಟೇಪ್ ಅಂಟಿಸಿ ಎತ್ತಿ ಬಿಳಿ ಹಾಳೆಗೆ ಹಚ್ಚಿದರೆ ಗೆರೆಗಳು ಚೆನ್ನಾಗಿ ಕಾಣುತ್ತವೆ. ಅಜ್ಜಿ ಗೆರೆಗಳ ಆಕಾರ ನೋಡಿ ಶಂಖ, ಚಕ್ರ ಅಂತ ಗುರುತಿಸಲಿ. ಅಪ್ಪನದು, ನಿಮ್ಮದು, ಅವಳದು ಎಲ್ಲರದ್ದೂ ಒಂದೇ ಪುಟದಲ್ಲಿರಲಿ.

ಈ ಪತ್ರ ಓದುವ ಕನ್ನಡದ ಬರಹಗಾರರಿಗೂ ಒಂದು ಕೋರಿಕೆ. ಇಂಥ ಶಾಲೆಯೊಂದನ್ನು ನಮ್ಮ ಊರಿನಲ್ಲೇ ಕಟ್ಟಿ ಬರೆಯಿರಿ. ಬಸವನಗುಡಿಯ ಕಡಲೆಕಾಯಿ ಪರಿಷೆಯ ಜನಜಂಗುಳಿಯಲ್ಲಿ, ಅವೆನ್ಯೂ ರಸ್ತೆಯ ಹಳೇ ಪುಸ್ತಕದ ರಾಶಿಯಲ್ಲಿ ಎಷ್ಟು ರಹಸ್ಯ ಹುಟ್ಟಬಹುದು! ಆ ತರಗತಿಯ ಜಾಣೆಯರಲ್ಲಿ ಒಬ್ಬಳು ಮನೆಕೆಲಸದವರ ಮಗಳಾಗಿರಲಿ. ಬರೆದು ಕಳಿಸಿದರೆ ನಾನೇ ಕೂತು ಓದುತ್ತೇನೆ.

ನಾಲ್ಕನೇ ಪುಸ್ತಕ ಖಂಡಿತ ಕೊಡಿಸಿ ಮೇಡಂ. ನೀವೂ ಜೊತೆಗೆ ಓದಿ. ಕೊನೆಯ ಎರಡು ಅಧ್ಯಾಯ ಇರುವಾಗ ಪುಸ್ತಕ ಮುಚ್ಚಿಸಿ, ಯಾರು ಅಂತ ಅನಿಸುತ್ತಿದೆ, ಯಾವ ಪುಟ ನೋಡಿ ಹಾಗೆ ಅನಿಸಿತು ಅಂತ ಕೇಳಿ. ಪುಟ ತೋರಿಸೋಕೆ ಆಗದಿದ್ದರೆ ಇಬ್ಬರೂ ಹಿಂದಕ್ಕೆ ಹೋಗಿ ಹುಡುಕಿ, ಆಮೇಲೆ ಮುಂದಕ್ಕೆ ಓದಿ.

ಸಂಪಾದಕರು