ಎರಡನೇ ಔಷಧಿ ಯಾರು ಹೊಡೆಯಬೇಕಿತ್ತು?

ಒಂದೇ ಕತೆ ಬೇರೆ ಬೇರೆ ವೇಷ ಹಾಕಿಕೊಂಡು ಈ ವರ್ಷ ನಾಲ್ಕನೇ ಸಲ ನನ್ನ ಆಪ್ತಸಮಾಲೋಚನೆಯ ಕೋಣೆಗೆ ಬಂದಿದೆ, ಅದಕ್ಕೇ ಬರೆಯುತ್ತಿದ್ದೇನೆ. ಒಮ್ಮೆ ಸ್ವಸಹಾಯ ಸಂಘದ ಲೆಕ್ಕದ ಪುಸ್ತಕವಾಗಿ ಬಂತು. ಇನ್ನೊಮ್ಮೆ ಅಮ್ಮನ ಬಿ.ಪಿ. ಮಾತ್ರೆಯಾಗಿ: ಮೂವರು ಮಕ್ಕಳು, ಯಾರಾದರೂ ತಂದಿರ್ತಾರೆ ಅಂತ ಯಾರೂ ತರಲಿಲ್ಲ. ಈ ಸಲ ಬಂದಿದ್ದು ಕಬಡ್ಡಿಯಾಗಿ. ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ, ಆತನ ಒಪ್ಪಿಗೆಯೂ ಇದೆ.

ಹೊಸನಗರ ಕಡೆಯ ಯುವಕ. ಊರಿನ ತಂಡದ ನಾಯಕ, ಲೆಫ್ಟ್ ಕಾರ್ನರ್ ಆಟಗಾರ, ಅಂದರೆ ಎಡತುದಿಯಲ್ಲಿ ನಿಂತು ರೈಡರ್ ಕಾಲು ಹಿಡಿಯುವವನು. ಅಣ್ಣನ ಜೊತೆ ಪಾಲಾಗದ ಅಡಿಕೆ ತೋಟ. ಸುತ್ತಲಿನ ಹೊನಲು ಬೆಳಕಿನ ಪಂದ್ಯಾವಳಿಗಳಲ್ಲಿ ಮೂರು ವರ್ಷ ಕಪ್ ಇವರದ್ದೇ. ನಾಲ್ಕನೇ ವರ್ಷ ಮೊದಲ ಸುತ್ತಿನಲ್ಲೇ ಮನೆಗೆ. ಅದಕ್ಕೆ ಮುಂಚಿನ ಮಳೆಗಾಲದಲ್ಲಿ ತೋಟಕ್ಕೆ ಕೊಳೆ, ಅಂದರೆ ಕಾಯಿ ಉದುರಿಸುವ ರೋಗ, ಬಿದ್ದಿತ್ತು. ಅಣ್ಣ ಮಾತು ಬಿಟ್ಟಿದ್ದ, ತಂಡದ ವಾಟ್ಸಾಪ್ ಗುಂಪಿನಲ್ಲಿ ಒಬ್ಬರಿಗೊಬ್ಬರು ಬೈದಾಡುತ್ತಿದ್ದರು, ಈತನಿಗೆ ನಿದ್ದೆ ಇರಲಿಲ್ಲ. ಶಿವಮೊಗ್ಗಕ್ಕೆ ಬಸ್ ಹತ್ತಿಸಿದ್ದು ಅತ್ತಿಗೆ.

ಮೊದಲೆರಡು ಭೇಟಿ ಬರೀ ಕೇಳಿದೆ. ಊಟ, ನಿದ್ದೆ, ಕುಡಿತ, ಸಾಯುವ ಯೋಚನೆ, ಯಾವುದನ್ನೂ ಬಿಡದೆ ವಿಚಾರಿಸಿದೆ. ಇದನ್ನು ಹೇಳಿಡುತ್ತಿರುವುದಕ್ಕೆ ಕಾರಣ ಮುಂದೆ ಬರುತ್ತದೆ.

ಮೂರನೇ ಭೇಟಿಯಲ್ಲಿ ಆತನ ಮಾತನ್ನು ಹೇಳಿದ ಹಾಗೇ ಬರೆದುಕೊಳ್ಳುತ್ತಾ ಹೋದೆ. "ಪ್ರಾಕ್ಟೀಸ್ ಸರಿ ಆಗ್ಲಿಲ್ಲ ಮೇಡಂ. ಕಾಲು ಸಿಕ್ಲಿಲ್ಲ. ಕೈಕೈ ಹಿಡಿದ ಚೈನ್ ಬಿಟ್ಟೋಯ್ತು. ಎಂತ ಮಾಡೂದು, ಹಂಗಾಗೋಯ್ತು. ತೋಟಕ್ಕೂ ಎರಡನೇ ಔಷಧಿ ಹೊಡೆಯೋಕಾಗ್ಲಿಲ್ಲ."

ಹಾಳೆ ತಿರುಗಿಸಿ ಆತನ ಮುಂದಿಟ್ಟೆ. "ಇದರಲ್ಲಿ ನೀವೆಲ್ಲಿದೀರಿ?"

ನಮ್ಮ ಕನ್ನಡ ಕೊಟ್ಟಿರುವ ಸೌಕರ್ಯ ಇದು. ಹಾಲು ಉಕ್ಕಿಹೋಗುತ್ತದೆ, ಲೋಟ ಒಡೆದುಹೋಗುತ್ತದೆ, ಕರೆಂಟ್ ಬಿಲ್ ಮರೆತುಹೋಗುತ್ತದೆ. ಎಲ್ಲವೂ ತಾವಾಗಿಯೇ ಹೋಗುತ್ತವೆ, ಪಾಪ, ಕಳಿಸಿದವರು ಯಾರೂ ಇಲ್ಲ. ನಾನೂ ಮನೆಯಲ್ಲಿ ಹೀಗೇ ಮಾತಾಡುತ್ತೇನೆ.

ಆತ ನಕ್ಕ. "ಸರಿ, ನಾವು ಪ್ರಾಕ್ಟೀಸ್ ಮಾಡ್ಲಿಲ್ಲ."

"ನಾವು ಬೇಡ. ಏಳು ಜನ ಅಂಕಣದಲ್ಲಿದ್ರೂ ರೈಡರ್ ಕಾಲಿಗೆ ಮೊದಲು ಕೈ ಹಾಕೋನು ಒಬ್ಬನೇ ಅಲ್ವಾ? ನಾನು ಅಂತ ಶುರುಮಾಡಿ."

ಬಹಳ ಹೊತ್ತು ಸುಮ್ಮನಿದ್ದು, ಕೇಳಿದ್ದನ್ನು ಬಿಟ್ಟು ಬೇರೆಯದೇ ಹೇಳಿದ. "ಮೈಲುತುತ್ತದ ಚೀಲ ಕೊಟ್ಟಿಗೆ ಬಾಗಿಲಲ್ಲೇ ಇತ್ತು ಮೇಡಂ. ದಿನಾ ಬೈಕ್ ತೆಗೆಯೋವಾಗ ಕಾಲಿಗೆ ತಾಗ್ತಿತ್ತು. ಅಣ್ಣ ಹೊಡೀತಾನೆ ಅಂತ ನಾನು, ನಾನು ಹೊಡೀತೀನಿ ಅಂತ ಅವನು. ಒಂದಿನ ಅಡ್ಡ ಆಗುತ್ತೆ ಅಂತ ನಾನೇ ಎತ್ತಿ ಒಳಗಿಟ್ಟೆ."

ಒಳಗಿಟ್ಟೆ. ಮೂರು ಭೇಟಿಗಳಲ್ಲಿ ಆತ ತಾನು ಮಾಡಿದ್ದು ಅಂತ ಹೇಳಿದ ಮೊದಲ ಕೆಲಸ, ಕಣ್ಣಿಗೆ ಬೀಳುವ ಚೀಲವನ್ನು ಕಣ್ಣಿಗೆ ಬೀಳದಂತೆ ಇಟ್ಟಿದ್ದು.

ಅಡಿಕೆ ಇಲ್ಲದ ಸೀಮೆಯವರಿಗೆ ಒಂದು ಮಾತು. ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುತ್ತಾರೆ. 100 ಲೀಟರ್ ನೀರಿಗೆ 1 ಕೆ.ಜಿ. ಮೈಲುತುತ್ತ, 1 ಕೆ.ಜಿ. ಸುಣ್ಣ. ಮಳೆ ಹಿಡಿಯುವ ಮುಂಚೆ ಒಮ್ಮೆ, 40–45 ದಿನ ಬಿಟ್ಟು ಇನ್ನೊಮ್ಮೆ. ಇದು ರೋಗ ಬಾರದಂತೆ ತಡೆಯುವ ಔಷಧಿ, ಕೊಳೆ ಹತ್ತಿ ಕಾಯಿ ಉದುರತೊಡಗಿದ ಮೇಲೆ ಹೊಡೆದರೆ ಉದುರಿದ್ದು ಮರಕ್ಕೆ ಹತ್ತುವುದಿಲ್ಲ. ತೊಡಕಿರುವುದು ಇಲ್ಲೇ. ಔಷಧಿ ಕೆಲಸ ಮಾಡಿದ ವರ್ಷ ಏನೂ ಆಗುವುದಿಲ್ಲ. ಏನೂ ಆಗದ ಮೂರು ವರ್ಷ ಕಳೆದರೆ 'ನಮ್ಮ ತೋಟಕ್ಕೆ ಕೊಳೆ ಬರಲ್ಲ' ಅನ್ನುವ ಧೈರ್ಯ ಹುಟ್ಟುತ್ತದೆ. ಮೂರು ಕಪ್ ಗೆದ್ದ ತಂಡದಲ್ಲೂ ಅದೇ. ಸಂಜೆ ಅಭ್ಯಾಸಕ್ಕೆ ಮೊದಲು ಒಬ್ಬ ತಡವಾಗಿ ಬರುತ್ತಾನೆ, ಆಮೇಲೆ ಮೂವರು ಬರುವುದೇ ಇಲ್ಲ, ಪಂದ್ಯ ಮಾತ್ರ ಗೆಲ್ಲುತ್ತಲೇ ಇರುತ್ತಾರೆ.

ಆತ ಬೇಗ ಸೋಲೊಪ್ಪುವವನಲ್ಲ. ಮುಂದಿನ ಭೇಟಿಗೆ ಏಷ್ಯನ್ ಗೇಮ್ಸ್ ತಂದ. 1990ರಲ್ಲಿ ಕಬಡ್ಡಿ ಸೇರಿದಾಗಿನಿಂದ 2014ರವರೆಗೆ ಪುರುಷರ ಚಿನ್ನ ಏಳಕ್ಕೆ ಏಳೂ ಸಲ ಭಾರತದ್ದು, 2018ರಲ್ಲಿ ಜಕಾರ್ತದಲ್ಲಿ ಸೆಮಿಫೈನಲ್‌ನಲ್ಲಿ ಇರಾನ್ ಎದುರು 18–27ರಿಂದ ಸೋತಿತು. "ದೇಶದ ತಂಡವೇ ಸೋತಿದೆ, ನಮ್ಮದೇನು ಮಾರಾಯ್ರೆ!" ಆ ಸೋಲಿಗೆ ಮೈಮರೆವೇ ಕಾರಣ ಅಂತ ತೀರ್ಪು ಕೊಡಲು ನಾನ್ಯಾರು, ಇರಾನ್ ಚೆನ್ನಾಗಿಯೇ ಆಡಿತ್ತು. ಆದರೆ ಅದೇ ಕೂಟದ ಗುಂಪು ಹಂತದಲ್ಲಿ ದಕ್ಷಿಣ ಕೊರಿಯಾ ಭಾರತವನ್ನು 24–23ರಿಂದ ಸೋಲಿಸಿತ್ತಲ್ಲ, ಅದೂ ನೆನಪಿದೆಯಾ ಅಂತ ಕೇಳಿದೆ. ನೆನಪಿತ್ತು. ಕಾಯಿ ಉದುರುವ ಮೊದಲೇ ಯಾವುದೋ ಒಂದು ಅಡಿಕೆ ಗೊನೆಯಲ್ಲಿ ಕಲೆ ಕಾಣಿಸಿರುತ್ತದೆ. ನಿಮ್ಮ ತಂಡದಲ್ಲಿ ಆ ಕಲೆ ಯಾವಾಗ ಕಂಡಿತ್ತು ಎಂದಾಗ, ಮೂರನೇ ಕಪ್ಪಿನ ಫೈನಲ್ ಒಂದೇ ಪಾಯಿಂಟಿನಲ್ಲಿ ಗೆದ್ದಿದ್ದು ಅಂತ ಒಪ್ಪಿಕೊಂಡ. ಅವತ್ತು ಪಟಾಕಿ ಹೊಡೆದಿದ್ದರಂತೆ.

ಇದೇನು ಮಲೆನಾಡಿನವರ ಸೋಮಾರಿತನ ಅಲ್ಲ. ಫ್ರಾನ್ಸಿನ ಕೃಷಿ ಎಂಜಿನಿಯರ್ ರಿಂಗಲ್‌ಮನ್ ಜನರಿಂದ ಹಗ್ಗ ಎಳೆಸಿ ನೋಡಿ 1913ರಲ್ಲೇ ಬರೆದಿದ್ದ: ಎಳೆಯುವವರು ಹೆಚ್ಚಾದಂತೆ ಒಬ್ಬೊಬ್ಬರು ಹಾಕುವ ಬಲ ಕಡಿಮೆಯಾಗುತ್ತದೆ. ಕೆಸರುಗದ್ದೆ ಹಗ್ಗಜಗ್ಗಾಟದಲ್ಲಿ ಹಿಂದೆ ನಿಂತು ಮುಖ ಮಾತ್ರ ಬಿಗಿಹಿಡಿದವರಿಗೆ ಇದನ್ನು ವಿವರಿಸಬೇಕಿಲ್ಲ.

ನಾನು ಕೊಟ್ಟ ಸಲಹೆ ಸಣ್ಣದು. ಅಣ್ಣನ ಎದುರು ಒಂದೇ ವಾಕ್ಯ ಹೇಳಬೇಕು, ಅದರ ಬಾಲಕ್ಕೆ 'ಆದ್ರೆ' ಕಟ್ಟಬಾರದು. ಅವನೂ ತನ್ನ ಪಾಲು ಒಪ್ಪಲಿ ಅಂತ ಕಾಯಬಾರದು.

"ತಪ್ಪಾಯ್ತು ಅಂದ್ರೆ ಸಾಕಾ?"

"ಅದೂ ಆಯ್ತು ಅಲ್ವಾ. ಯಾರು ಮಾಡಿದ್ದು?"

ತಂಡಕ್ಕೂ ಇದೇ ಲೆಕ್ಕ. ಮೈದಾನ ಸರಿಮಾಡುವುದರಿಂದ ಹಿಡಿದು ಎದುರಾಳಿಯ ರೈಡರ್‌ನನ್ನು ಗಮನಿಸುವವರೆಗೆ ಒಂದು ಕೆಲಸಕ್ಕೆ ಒಂದೇ ಹೆಸರು, 'ಎಲ್ಲರೂ ನೋಡ್ಕೊಳ್ಳಿ' ಅನ್ನುವ ಮಾತು ಬಂದ್. ಆಟ ಮುಗಿದ ಮೇಲೆ ತಾನು ಬಿಟ್ಟ ಹಿಡಿತವನ್ನು ನಾಯಕನೇ ಮೊದಲು ಹೇಳಬೇಕು. ಧರ್ಮಸ್ಥಳಕ್ಕೆ ಹೋಗಿ ಆಣೆ ಮಾಡಿ ಬರ್ತೀವಿ ಎಂದಾಗ ಬೇಡ ಅಂದೆ. ಆಣೆ ಮಾಡಿದ ಮೇಲೆ ಕೆಲಸ ಮುಗಿದಂತೆ ಅನ್ನಿಸಿಬಿಡುತ್ತದೆ.

ನಿದ್ದೆಗೆಟ್ಟು ಬಂದವನ ತಲೆ ಮೇಲೆ ಇನ್ನಷ್ಟು ತಪ್ಪು ಹೇರಿದಿರಿ ಅಂತ ಸಹೋದ್ಯೋಗಿಯೊಬ್ಬರು ಆಕ್ಷೇಪಿಸಿದರು. ನಾನು ಒಪ್ಪುವುದಿಲ್ಲ. ಸಾಯುವ ಯೋಚನೆ ಇದ್ದಿದ್ದರೆ ದಾರಿಯೇ ಬೇರೆ, ಮನೋವೈದ್ಯರ ಬಳಿ ಕಳಿಸುತ್ತಿದ್ದೆ. ಗಂಡನಿಂದ ಹೊಡೆಸಿಕೊಂಡು 'ನನ್ನದೇ ತಪ್ಪು' ಎನ್ನುತ್ತ ಬರುವ ಹೆಣ್ಣುಮಕ್ಕಳಿಗೆ ನಾನು ಹೇಳುವುದು ಇದಕ್ಕೆ ಪೂರಾ ಉಲ್ಟಾ. ಆದರೆ ಈತನ ನಿದ್ದೆ ಕೆಡಿಸಿದ್ದು ತಪ್ಪಿನ ಭಾರವಲ್ಲ, ಒಳಗಿಟ್ಟ ಚೀಲ. 'ನೀನೇನೂ ಮಾಡಿಲ್ಲಪ್ಪ' ಅಂತ ಬೆನ್ನು ಸವರಿದ್ದರೆ ನಾನೂ ಅದನ್ನು ಇನ್ನಷ್ಟು ಒಳಗೆ ತಳ್ಳಿದಂತಾಗುತ್ತಿತ್ತು.

ತಂಡದ ಕತೆ ಅರ್ಧಂಬರ್ಧ. ಇಬ್ಬರು ಬಿಟ್ಟುಹೋದರು, ಒಬ್ಬ ಈತನಿಗೆ 'ಸ್ವಾಮೀಜಿ' ಅಂತ ಅಡ್ಡಹೆಸರಿಟ್ಟ. ಅಣ್ಣ ಆ ವಾಕ್ಯ ಕೇಳಿ 'ಹೂಂ' ಅಂದು ಎದ್ದುಹೋದನಂತೆ. ಆದರೆ ವಾರ ಕಳೆದ ಮೇಲೆ ಊಟಕ್ಕೆ ಕೂತಾಗ ಉಪ್ಪಿನಕಾಯಿ ಭರಣಿ ತಮ್ಮನ ಕಡೆ ತಳ್ಳಿದ.

ಜುಲೈ ನಡುವಿನ ಒಂದು ಬೆಳಿಗ್ಗೆ, ಭೇಟಿಗೆ ಎರಡು ಗಂಟೆ ಇರುವಾಗ ಫೋನ್ ಬಂತು. ಹಿಂದೆ ಔಷಧಿ ಪಂಪಿನ ಸದ್ದು.

"ಮೇಡಂ, ಇವತ್ತು ಬರಲ್ಲ. ಮಳೆ ಹೊಳವಾಗಿದೆ, ದೋಟಿ ಹಿಡ್ಕೊಂಡು ತೋಟದಲ್ಲಿದೀನಿ. ನಿನ್ನೇನೇ ಹೇಳ್ಬೇಕಿತ್ತು, ನಾನು ಹೇಳ್ಲಿಲ್ಲ. ಅರ್ಧ ಫೀಸ್ ಹಾಕ್ತೀನಿ."

ಹಾಕಿದ. ನಾನೂ ವಾಪಸ್ ಕೊಡಲಿಲ್ಲ.