ಓದುಗರ ಪ್ರಶ್ನೆ: ಹುಟ್ಟುಹೆಸರು ಬಿಟ್ಟು ಯುದ್ಧಕ್ಕೆ ಹೋದವರು

ಪ್ರಶ್ನೆ: ಹಿಟ್ಲರನಿಂದ ತಪ್ಪಿಸಿಕೊಂಡು ಬಂದ ಯಹೂದಿ ಯುವಕರು ಬ್ರಿಟಿಷ್ ಸೇನೆಯಲ್ಲಿ ಗುಪ್ತ ಕಮಾಂಡೊಗಳಾಗಿದ್ದರಂತೆ, ನಿಜವೇ? ಹೆಸರನ್ನೇ ಬದಲಾಯಿಸಿಕೊಳ್ಳುವ ಅಗತ್ಯವೇನಿತ್ತು?
— ಓದುಗರೊಬ್ಬರು, ಸಾಗರ

ಉತ್ತರ: ನಿಜ. 1942ರಲ್ಲಿ ಕಟ್ಟಿದ ಆ ತುಕಡಿಗೆ ‘ಎಕ್ಸ್ ಟ್ರೂಪ್’ ಎಂದು ಹೆಸರು. ಜರ್ಮನ್ ಬಲ್ಲ 87 ಮಂದಿ. ಬಹುತೇಕರು ಜರ್ಮನಿ, ಆಸ್ಟ್ರಿಯಾಗಳ ಯಹೂದಿ ನಿರಾಶ್ರಿತರು. ನನ್ನನ್ನು ಈಗಲೂ ಕೆರಳಿಸುವುದು ಅದಕ್ಕೂ ಹಿಂದಿನ ಸಂಗತಿ. 1940ರಲ್ಲಿ ಬ್ರಿಟನ್ ಇಂಥವರನ್ನೇ ‘ಶತ್ರು ದೇಶದವರು’ ಎಂದು ಹಿಡಿದು ಮುಳ್ಳುತಂತಿಯೊಳಗೆ ಕೂಡಿಹಾಕಿತ್ತು. ಕೆಲವರನ್ನು ‘ಡುನೇರಾ’ ಹಡಗಿನಲ್ಲಿ ಆಸ್ಟ್ರೇಲಿಯಾಕ್ಕೆ ಸಾಗಿಸಿತ್ತು. ಸೇನೆ ಸೇರಿದಾಗಲೂ ಮೊದಲು ಸಿಕ್ಕಿದ್ದು ಕೂಲಿ ಕೆಲಸದ ಪಡೆಯಾದ ಪಯೋನಿಯರ್ ಕೋರ್‌ನ ಗುದ್ದಲಿ, ಸಲಿಕೆ. ಹಿಟ್ಲರನನ್ನು ಇವರಿಗಿಂತ ಹೆಚ್ಚು ದ್ವೇಷಿಸುವವರು ಯಾರಿದ್ದರು?

ಹೆಸರು ಬದಲಿಸಿದ್ದು ಜೀವ ಉಳಿಸಿಕೊಳ್ಳಲು. ನಿಜ ಗುರುತು ಬಯಲಾದರೆ ಸೆರೆಸಿಕ್ಕವನಿಗೆ ಸಾವು, ಊರಲ್ಲಿ ಉಳಿದ ಮನೆಮಂದಿಯ ಕುತ್ತಿಗೆಗೂ ಬರುತ್ತಿತ್ತು. ಹಳೆಯ ಇನಿಷಿಯಲ್ ಉಳಿಯುವಂತೆ ಹಲವರು ಇಂಗ್ಲಿಷ್ ಹೆಸರು ಆರಿಸಿಕೊಂಡರು. ತಂದೆಯನ್ನು ನಾಜಿಗಳ ಡಾಖಾವ್ ಸೆರೆಶಿಬಿರದಲ್ಲಿ ಕಳೆದುಕೊಂಡಿದ್ದ ಕ್ಲಾಸ್ ಆಶರ್, ಕಾಲಿನ್ ಆನ್ಸನ್ ಆದರು.

ವೇಲ್ಸ್‌ನ ಕಡಲೂರು ಅಬರ್‌ಡವಿಯಲ್ಲಿ ತುಕಡಿಯ ನಾಯಕ ಬ್ರಯಾನ್ ಹಿಲ್ಟನ್-ಜೋನ್ಸ್ ಇವರನ್ನು ಪಳಗಿಸಿದರು. ಇವರು ಒಟ್ಟಾಗಿ ಹೋರಾಡಲಿಲ್ಲ. ನಾಲ್ಕೈದು ಮಂದಿಯಂತೆ ಬೇರೆ ಬೇರೆ ಕಮಾಂಡೊ ಪಡೆಗಳಿಗೆ ಹಂಚಿಹೋದರು. ಕತ್ತಲಲ್ಲಿ ಶತ್ರು ನೆಲೆಯ ಹತ್ತಿರ ಹೋಗಿ ಸುಳಿವು ತರುವುದು, ಸೆರೆಸಿಕ್ಕ ಸೈನಿಕನನ್ನು ರಣರಂಗದಲ್ಲೇ ಅವನ ಭಾಷೆಯಲ್ಲಿ ಪ್ರಶ್ನಿಸಿ ಫಿರಂಗಿ ಎಲ್ಲಿದೆ, ನೆಲಬಾಂಬು ಎಲ್ಲಿ ಹುಗಿದಿದೆ ಎಂದು ಹೊರಡಿಸುವುದು ಇವರ ಕೆಲಸ. ದುಭಾಷಿಯನ್ನು ಹುಡುಕಿ ಕರೆತರುವಷ್ಟರಲ್ಲಿ ಆ ಮಾಹಿತಿ ಹಳತಾಗಿಬಿಡುತ್ತಿತ್ತು.

ಇವರಲ್ಲಿ ನಾನು ಮತ್ತೆ ಮತ್ತೆ ನೆನೆಯುವುದು ಮಾನ್‌ಫ್ರೆಡ್ ಗಾನ್ಸ್ ಅವರನ್ನು. ಜರ್ಮನಿಯ ಬೊರ್ಕೆನ್ ಊರಿನವರು. ಸೇನೆಯಲ್ಲಿ ಫ್ರೆಡ್ ಗ್ರೇ. 1944ರ ಜೂನ್ 6ರಂದು ಫ್ರಾನ್ಸಿನ ನಾರ್ಮಂಡಿ ತೀರದಲ್ಲಿ ಇಳಿದರು, ನವೆಂಬರಿನಲ್ಲಿ ಹಾಲೆಂಡಿನ ವಾಲ್ಖರೆನ್ ದ್ವೀಪದಲ್ಲಿ ಕಾದಾಡಿದರು. 1945ರ ಮೇ ತಿಂಗಳಲ್ಲಿ ಯುದ್ಧ ಮುಗಿದದ್ದೇ ತಡ, ಒಂದು ಜೀಪು ಹತ್ತಿ, ಪಾಳುಬಿದ್ದ ಜರ್ಮನಿಯನ್ನು ದಾಟಿ, ನಾಜಿಗಳು ಯಹೂದಿಗಳನ್ನು ಕೂಡಿಹಾಕಿದ್ದ, ಆಗ ಸೋವಿಯತ್ ಸೈನ್ಯದ ವಶದಲ್ಲಿದ್ದ ಚೆಕ್ ನಾಡಿನ ಟೆರೆಜಿನ್ ಶಿಬಿರಕ್ಕೆ ಹೋದರು. ಅಪ್ಪ, ಅಮ್ಮ ಇಬ್ಬರೂ ಅಲ್ಲಿ ಬದುಕಿದ್ದರು! ಅಂಥ ಭಾಗ್ಯ ಈ ತುಕಡಿಯಲ್ಲಿ ತೀರ ಕೆಲವರದು.

ತುಕಡಿಯ ಇಪ್ಪತ್ತು ಮಂದಿ ಯುದ್ಧದಲ್ಲಿ ಮಡಿದರು. ಹಲವರನ್ನು ಇಂಗ್ಲಿಷ್ ಹೆಸರಿನಲ್ಲೇ, ಶಿಲುಬೆ ಕೆತ್ತಿದ ಕಲ್ಲಿನಡಿ ಹೂಳಿದ್ದರು; ಕೆಲವು ಸಮಾಧಿಗಳಿಗೆ ಯಹೂದಿಗಳ ಗುರುತಾದ ದಾವೀದನ ನಕ್ಷತ್ರ ಬಂದದ್ದು ಆಮೇಲೆ. ಅಬರ್‌ಡವಿಯಲ್ಲಿ 1999ರಲ್ಲಿ ನಿಲ್ಲಿಸಿದ ಸ್ಮಾರಕದ ಬರಹದಲ್ಲಿಯೂ ‘ಯಹೂದಿ’ ಎಂಬ ಮಾತಿರಲಿಲ್ಲ. ಯುದ್ಧ ಮುಗಿದು ಐವತ್ತು ವರ್ಷ ದಾಟಿದ ಮೇಲೂ ಆ ಗುಟ್ಟು ಯಾರಿಗೆ ಬೇಕಿತ್ತು? ಅದು ತಪ್ಪೆಂದೇ ನನ್ನ ಅಭಿಪ್ರಾಯ.