ಓದುಗರ ಪ್ರಶ್ನೆ, ನಮ್ಮ ಉತ್ತರ: ಇಂಗ್ಲೆಂಡಿನ ಬೇಲಿ, ಹಕ್ಕಿ, ಕಾಲುದಾರಿ

ಇಂಗ್ಲಿಷ್ ಸಾಹಿತ್ಯದಲ್ಲಿ ಕಾಣುವ ಹಳ್ಳಿಗಾಡಿನ ಬಗ್ಗೆ ಪ್ರಶ್ನೆ ಕಳಿಸಿ ಎಂದು ಕಳೆದ ಸಂಚಿಕೆಯಲ್ಲಿ ಕೇಳಿದ್ದೆವು. ಕರಾವಳಿಯಿಂದಲೂ ಘಟ್ಟದ ಮೇಲಿನಿಂದಲೂ ಪತ್ರಗಳು ಬಂದವು. ಒಂದೇ ವಿಷಯ ಕೇಳಿದವರ ಪ್ರಶ್ನೆಗಳನ್ನು ಸೇರಿಸಿದ್ದೇವೆ.

ಪ್ರಶ್ನೆ: ವರ್ಡ್ಸ್‌ವರ್ತ್‌ನ ಡ್ಯಾಫೊಡಿಲ್ ಪದ್ಯ ನಮಗೆ ಪಾಠಕ್ಕಿದೆ. ಮೋಡದ ಹಾಗೆ ಒಂಟಿಯಾಗಿ ಅಲೆಯುತ್ತಿದ್ದೆ ಎನ್ನುತ್ತಾನೆ. ನಿಜಕ್ಕೂ ಒಂಟಿಯಾಗಿದ್ದನೇ? ಆ ಹೂವು ಹೇಗಿರುತ್ತದೆ? – ಪದವಿ ವಿದ್ಯಾರ್ಥಿ, ಕಾರವಾರ

ಉತ್ತರ: ಒಂಟಿಯಾಗಿರಲಿಲ್ಲ. 1802ರ ಏಪ್ರಿಲ್ 15ರಂದು ಅಲ್ಸ್‌ವಾಟರ್ ಸರೋವರದ ದಡದಲ್ಲಿ ತಂಗಿ ಡೊರೊತಿಯೂ ಜೊತೆಗಿದ್ದಳು. ಗಾಳಿ ಜೋರಾಗಿದ್ದ ದಿನ. ಮೊದಲು ನೀರಿನಂಚಿನಲ್ಲಿ ನಾಲ್ಕಾರು ಹೂ ಕಂಡವು, ಮುಂದೆ ಹೋದಂತೆ ಹೆಚ್ಚಾದವು, ಕೊನೆಗೆ ದಡದುದ್ದಕ್ಕೂ ಒಂದು ಹೆದ್ದಾರಿಯಷ್ಟು ಅಗಲದ ಪಟ್ಟಿಯೇ ಇತ್ತು ಎಂದು ಅವಳು ದಿನಚರಿಯಲ್ಲಿ ಬರೆದಿದ್ದಾಳೆ. ಕೆಲವು ಹೂಗಳು ದಣಿದವರಂತೆ ಕಲ್ಲಿನ ಮೇಲೆ ತಲೆಯಿಟ್ಟಿದ್ದವು, ಉಳಿದವು ಕುಣಿಯುತ್ತಿದ್ದವು ಎಂಬುದೂ ಅವಳದೇ ಮಾತು. ಅಣ್ಣ ಪದ್ಯ ಬರೆದದ್ದು ಸುಮಾರು ಎರಡು ವರ್ಷದ ಮೇಲೆ, ಅಚ್ಚಾದದ್ದು 1807ರಲ್ಲಿ. 1815ರ ಆವೃತ್ತಿಯಲ್ಲಿ ಆಕಾಶಗಂಗೆಯ ನಕ್ಷತ್ರಗಳ ಚರಣ ಹೊಸದಾಗಿ ಸೇರಿತು. ‘ಒಳಗಣ್ಣಿನ’ ಪ್ರಸಿದ್ಧ ಎರಡು ಸಾಲುಗಳು ಹೆಂಡತಿ ಮೇರಿಯವು. ಹೀಗೆ ಮೂವರ ಕೈ ಸೇರಿದ ಪದ್ಯದಲ್ಲಿ ಕವಿ ಮಾತ್ರ ಒಬ್ಬನೇ ನಡೆಯುತ್ತಾನೆ! ತಂಗಿಯದು ರಸ್ತೆಯ ಅಳತೆ, ಅಣ್ಣನದು ಹತ್ತು ಸಾವಿರದ ಲೆಕ್ಕ. ಪರೀಕ್ಷೆಗೆ ಬರೆಯುವಾಗ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ‘ನಿಸರ್ಗ ಪ್ರೇಮ’ ಎಂದು ಒಂದು ಪುಟ ತುಂಬಿಸುವುದಕ್ಕಿಂತ ಅದು ಮೇಲು.

ಹೂವಿನ ಅಂಗಡಿಯಲ್ಲಿ ಸಿಗುವ ದೊಡ್ಡ ಹಳದಿ ಹೂವಲ್ಲ ಅದು. ಕಾಡು ಡ್ಯಾಫೊಡಿಲ್ ಗೇಣುದ್ದ, ಹೆಚ್ಚೆಂದರೆ ಒಂದೂವರೆ ಗೇಣು. ಹೊರಗಿನ ದಳ ತೆಳು ಹಳದಿ, ನಡುವಿನ ಕೊಳವೆ ಗಾಢ ಹಳದಿ. ಮರಗಳು ಇನ್ನೂ ಬೋಳಾಗಿರುವಾಗ ನೆಲಕ್ಕೆ ಬೀಳುವ ಬಿಸಿಲಿನಲ್ಲಿ ಅರಳಿ, ಮೇಲೆ ಚಿಗುರು ಮುಚ್ಚುವಷ್ಟರಲ್ಲಿ ಗಡ್ಡೆಗೆ ಬೇಕಾದ ಆಹಾರ ಕೂಡಿಟ್ಟುಕೊಂಡಿರುತ್ತದೆ.

ಪ್ರಶ್ನೆ: ಅದರ ಗಡ್ಡೆ ತರಿಸಿ ನಮ್ಮ ಅಂಗಳದಲ್ಲಿ ನೆಡಬಹುದೇ? – ಕುಮಟಾ

ಉತ್ತರ: ನೆಟ್ಟರೆ ದುಡ್ಡು ದಂಡ. ಹೂ ಬಿಡಲು ಗಡ್ಡೆಗೆ 12ರಿಂದ 16 ವಾರಗಳ ಕಾಲ 9 ಡಿಗ್ರಿಗಿಂತ ಕೆಳಗಿನ ಚಳಿ ಬೇಕು. ಕರಾವಳಿಯಲ್ಲಿ ಜನವರಿಯ ರಾತ್ರಿಯೂ ಅದರ ಹತ್ತಿರಕ್ಕೆ ಬರುವುದಿಲ್ಲ. ಫ್ರಿಜ್ಜಿನ ತರಕಾರಿ ಪೆಟ್ಟಿಗೆಯಲ್ಲಿ ಕಾಗದದ ಚೀಲದೊಳಗೆ ಇಟ್ಟು ಆಮೇಲೆ ನೆಟ್ಟರೆ ಒಂದು ಸಲ ಅರಳಬಹುದು. ಆದರೆ ಅದೇ ಪೆಟ್ಟಿಗೆಯಲ್ಲಿ ಬಾಳೆಹಣ್ಣು, ಸೇಬು ಇರಕೂಡದು. ಹಣ್ಣಾಗುವಾಗ ಹೊರಡುವ ಎಥಿಲೀನ್ ಅನಿಲಕ್ಕೆ ಒಳಗಿನ ಮೊಗ್ಗು ಸಾಯುತ್ತದೆ. ಜೂನ್ ಮಳೆಗೆ ಗಡ್ಡೆ ಕೊಳೆಯುವುದಂತೂ ಗ್ಯಾರಂಟಿ.

ಪ್ರಶ್ನೆ: ಇಂಗ್ಲಿಷ್ ಕಾದಂಬರಿಗಳಲ್ಲಿ ಹೆಜ್, ಸ್ಟೈಲ್, ಕಾಮನ್ ಎಂದು ಪದೇಪದೇ ಬರುತ್ತದೆ. ಮಕ್ಕಳಿಗೆ ಹೇಗೆ ವಿವರಿಸುವುದು? – ಶಿಕ್ಷಕಿ, ಶಿರಸಿ

ಉತ್ತರ: ಈ ಮೂರು ತಿಳಿದರೆ ಅರ್ಧ ಇಂಗ್ಲಿಷ್ ಸಾಹಿತ್ಯದ ನೆಲ ತಿಳಿದಂತೆ. ಹೆಜ್ ಎಂದರೆ ಜೀವಂತ ಬೇಲಿ, ಹೆಚ್ಚಾಗಿ ಹಾಥಾರ್ನ್ ಮತ್ತು ಬ್ಲ್ಯಾಕ್‌ಥಾರ್ನ್ ಎಂಬ ಮುಳ್ಳುಗಿಡಗಳದು. ನಮ್ಮಲ್ಲಿ ಗ್ಲಿರಿಸಿಡಿಯಾ ಗೂಟ ಊರಿ ವರ್ಷಕ್ಕೊಮ್ಮೆ ಸೊಪ್ಪು ಸವರಿದರೆ ಮುಗಿಯಿತು. ಅಲ್ಲಿಯ ಬೇಲಿಗೆ ಅಷ್ಟು ಸಾಲದು. ಹತ್ತಿಪ್ಪತ್ತು ವರ್ಷಕ್ಕೊಮ್ಮೆ ಅದನ್ನು ‘ಮಲಗಿಸಬೇಕು’. ಗಿಡ ನಿದ್ದೆಯಲ್ಲಿರುವ ಅಕ್ಟೋಬರ್–ಮಾರ್ಚ್ ನಡುವೆ ಈ ಕೆಲಸ. ತುದಿ ಬಾಗಿದ ಕತ್ತಿಯಿಂದ ಕಾಂಡದ ಬುಡವನ್ನು ಓರೆಯಾಗಿ, ಹೆಚ್ಚುಕಡಿಮೆ ಪೂರ್ತಿ ಕಡಿಯುತ್ತಾರೆ. ತೊಗಟೆ ಮತ್ತು ಅದಕ್ಕಂಟಿದ ತೆಳುವಾದ ಹಸಿಮರದ ಪಟ್ಟಿ ಮಾತ್ರ ಉಳಿಯಬೇಕು. ಅದರ ಮೂಲಕವೇ ರಸ ಏರುತ್ತದೆ. ಕಾಂಡವನ್ನು ಇಳಿಜಾರಿನ ಮೇಲ್ಮುಖಕ್ಕೆ ಓರೆಯಾಗಿ ಬಗ್ಗಿಸಿ, ಸುಮಾರು 45 ಸೆಂ.ಮೀ.ಗೊಂದರಂತೆ ಗೂಟ ಹೊಡೆದು, ಮೇಲೆ ಹೇಜಲ್ ಬೆತ್ತಗಳನ್ನು ಜಡೆಯಂತೆ ಹೆಣೆಯುತ್ತಾರೆ. ಕಡಿತ ಕಡಿಮೆಯಾದರೆ ಕಾಂಡ ಬಗ್ಗುವ ಬದಲು ಉದ್ದಕ್ಕೆ ಸೀಳುತ್ತದೆ. ಹೆಚ್ಚಾದರೆ ಕೈಗೇ ಬರುತ್ತದೆ. ಬುಡದ ಮೋಟನ್ನು ಎತ್ತರ ಬಿಟ್ಟರೆ ಹೊಸ ಚಿಗುರು ಮೇಲಿನಿಂದ ಹೊರಟು ಕೆಳಗೆ ಕಂಡಿ ಬೀಳುತ್ತದೆ, ಕುರಿಮರಿ ನುಸುಳುತ್ತದೆ. ಗಿಡ ನಿದ್ದೆಯಲ್ಲಿರುವಾಗಲೇ ಈ ಕೆಲಸವಾದ್ದರಿಂದ ಬೇಲಿ ಕಡಿಯುವವನು ಕಾದಂಬರಿಯಲ್ಲಿ ಚಳಿಗಾಲದಲ್ಲೇ ಕಾಣಿಸುತ್ತಾನೆ.

ಸ್ಟೈಲ್ ಎಂದರೆ ಬೇಲಿ ದಾಟುವ ಮೆಟ್ಟಿಲು. ನಿಮ್ಮೂರಿನ ಮಕ್ಕಳಿಗೆ ದಣಪೆ ಎಂದರೆ ಸಾಕು. ದಣಪೆಯ ಗಳ ಸರಿಸಿದರೆ ದನವೂ ದಾಟುತ್ತದೆ, ಸ್ಟೈಲ್ ಹತ್ತುವುದು ಮನುಷ್ಯ ಮಾತ್ರ – ವ್ಯತ್ಯಾಸ ಅಷ್ಟೇ.

ಕಾಮನ್ ವಿಷಯದಲ್ಲಿ ಸ್ವಲ್ಪ ನಿಲ್ಲಬೇಕು. ಒಬ್ಬರ ಹೆಸರಿನ ಜಮೀನಿನಲ್ಲಿ ಊರಿನ ಹಲವರಿಗೆ ದನ ಮೇಯಿಸುವ, ಸೌದೆ ತರುವ ಹಕ್ಕು ಇರುವುದು ಕಾಮನ್. ಸೊಪ್ಪಿನ ಬೆಟ್ಟ ನೆನಪಾಗುತ್ತದೆ, ಆದರೆ ಎರಡೂ ಒಂದೇ ಅಲ್ಲ. ಸರ್ಕಾರಿ ಕಾಡಿನಲ್ಲಿ ಅಡಿಕೆ ತೋಟಕ್ಕೆ ಗಂಟು ಹಾಕಿಕೊಂಡ ಸೌಲಭ್ಯ ಬೆಟ್ಟದ್ದು. ಕಾಮನ್ನಿನ ಹಕ್ಕು ತುಂಡು ತೋಟವೂ ಇಲ್ಲದ ಬಡವನ ಹಸುವಿಗೂ ಬಹಳ ಕಡೆ ಒದಗುತ್ತಿತ್ತು. 18–19ನೇ ಶತಮಾನದಲ್ಲಿ ಪಾರ್ಲಿಮೆಂಟು ಊರಿಗೊಂದು ಕಾಯ್ದೆ ಮಾಡಿ ಇಂಥ ನೆಲವನ್ನು ಹಂಚಿ ಬೇಲಿ ಹಾಕಿಸಿತು. ಆಗ ನಾರ್ಥಾಂಪ್ಟನ್‌ಶೈರಿಗೆ ಸೇರಿದ್ದ ಹೆಲ್ಪ್‌ಸ್ಟನ್ ಊರಿಗೆ ಆ ಕಾಯ್ದೆ ಬಂದದ್ದು 1809ರಲ್ಲಿ. ಅಲ್ಲಿ ಹುಟ್ಟಿದ ಕೂಲಿಕಾರ ಜಾನ್ ಕ್ಲೇರ್‌ಗೆ ಆಗ ಹದಿನಾರರ ಸುಮಾರು. ಮುಚ್ಚಿಹೋದ ಕಾಲುದಾರಿ, ಕಡಿದ ಮರ, ಸುತ್ತಾಡಲಾಗದ ಹೊಲ – ಅವನ ಕವಿತೆಯ ಸಂಕಟವೆಲ್ಲ ಅಲ್ಲಿಂದ. ಅದೇ ಕ್ಲೇರ್ ಯೆಲೋಹ್ಯಾಮರ್ ಹಕ್ಕಿಯ ಮೊಟ್ಟೆಯ ಗೆರೆಗಳನ್ನು ಪೆನ್ನಿನಿಂದ ಗೀಚಿದ ಶಾಯಿಯ ಬರಹದಂತೆ ಕಂಡವನು. ಗೂಡಿನ ಹತ್ತಿರ ಮಂಡಿಯೂರದೆ ಆ ಸಾಲು ಹುಟ್ಟುವುದಿಲ್ಲ. ನಮ್ಮ ಮಟ್ಟಿಗೆ, ತರಗತಿಯಲ್ಲಿ ವರ್ಡ್ಸ್‌ವರ್ತ್‌ಗೆ ಕೊಡುವ ಸಮಯದಲ್ಲಿ ಅರ್ಧ ಕ್ಲೇರ್‌ಗೆ ಕೊಡಬೇಕು.

ಪ್ರಶ್ನೆ: ಇಂಗ್ಲಿಷ್ ಕವಿಗಳ ಕುಕ್ಕೂ ನಮ್ಮ ಕೋಗಿಲೆಯೇ? – ಹೊನ್ನಾವರ

ಉತ್ತರ: ಒಂದೇ ಬಳಗ, ಹಕ್ಕಿ ಬೇರೆ. ನಮ್ಮ ಗಂಡು ಕೋಗಿಲೆ ಕಪ್ಪು, ವರ್ಷವಿಡೀ ಇಲ್ಲೇ ಇರುತ್ತದೆ, ಕಾಗೆಯ ಗೂಡಿನಲ್ಲಿ ಮೊಟ್ಟೆಯಿಡುತ್ತದೆ, ಸ್ವರ ಏರುತ್ತ ಹೋಗುತ್ತದೆ. ಅಲ್ಲಿಯದು ಬೂದುಬಣ್ಣ, ಹೊಟ್ಟೆಯ ಮೇಲೆ ಪಟ್ಟೆ. ಏಪ್ರಿಲ್‌ನಲ್ಲಿ ಆಫ್ರಿಕದಿಂದ ಬಂದು, ತನಗಿಂತ ಎಷ್ಟೋ ಚಿಕ್ಕ ಹಕ್ಕಿಗಳ ಗೂಡಿಗೆ ಮೊಟ್ಟೆ ಸೇರಿಸಿ, ಬೇಸಿಗೆ ಅರ್ಧವಾಗುವುದರೊಳಗೆ ಹಿಂತಿರುಗುತ್ತದೆ. ಅದರ ಕೂಗು ಎರಡೇ ಸ್ವರ, ಎರಡನೆಯದು ಇಳಿಯುತ್ತದೆ. ದೂರದಿಂದ ಕೇಳಿಸುತ್ತದೆ, ಕಣ್ಣಿಗೆ ಬೀಳುವುದು ಕಡಿಮೆ. ವರ್ಡ್ಸ್‌ವರ್ತ್ ಅದನ್ನು ಹಕ್ಕಿಯೆನ್ನಲೋ ಬರೀ ದನಿಯೆನ್ನಲೋ ಎಂದು ಕೇಳುವುದು ಹಾಗಾಗಿ. ಕೋಗಿಲೆಯ ಏರುದನಿ ಕಿವಿಯಲ್ಲಿಟ್ಟುಕೊಂಡು ಓದಿದರೆ ಆ ಪದ್ಯದ ಲಯ ತಪ್ಪುತ್ತದೆ.

ಪ್ರಶ್ನೆ: ಥಾಮಸ್ ಹಾರ್ಡಿಯ ಕಾದಂಬರಿಗಳ ವೆಸೆಕ್ಸ್ ನಾಡು ನಕಾಶೆಯಲ್ಲಿ ಸಿಗುತ್ತದೆಯೇ? – ಅಂಕೋಲಾ

ಉತ್ತರ: ಆ ಹೆಸರಿನಲ್ಲಿ ಇಲ್ಲ, ನೆಲ ಸಿಗುತ್ತದೆ. ಹಳೆಯ ರಾಜ್ಯವೊಂದರ ಹೆಸರನ್ನು 1874ರ ಕಾದಂಬರಿಯಲ್ಲಿ ಹಾರ್ಡಿ ಎತ್ತಿಕೊಂಡ. ಡಾರ್ಚೆಸ್ಟರ್ ಅವನ ಕ್ಯಾಸ್ಟರ್‌ಬ್ರಿಜ್, ಪಡಲ್‌ಟೌನ್ ವೆದರ್‌ಬರಿ, ಆಕ್ಸ್‌ಫರ್ಡ್ ಕ್ರೈಸ್ಟ್‌ಮಿನ್‌ಸ್ಟರ್. ಹುಟ್ಟಿದ ಮನೆಯಿಂದ ಡಾರ್ಚೆಸ್ಟರ್‌ಗೆ ಸುಮಾರು 5 ಕಿ.ಮೀ. ದಾರಿ, ಶಾಲೆಗೆ, ಆಮೇಲೆ ವಾಸ್ತುಶಿಲ್ಪಿಯ ಕಚೇರಿಗೆ ನಡೆದೇ ಹೋದವನು. ಪಾತ್ರಗಳು ಎಷ್ಟು ಹೊತ್ತಿಗೆ ಎಲ್ಲಿ ಮುಟ್ಟುತ್ತವೆ ಎಂಬ ಲೆಕ್ಕ ಕಾಲ್ನಡಿಗೆಯದು. ಎಗ್ಡನ್ ಹೀತ್ ಮಾತ್ರ ಹಲವು ಚಿಕ್ಕ ಕುರುಚಲು ಬಯಲುಗಳನ್ನು ಕೂಡಿಸಿ ಮಾಡಿದ ಒಂದೇ ದೊಡ್ಡ ಬಯಲು. ಯಶವಂತ ಚಿತ್ತಾಲರು ಹನೇಹಳ್ಳಿಯ ಹೆಸರನ್ನೇ ಬದಲಿಸದೆ ಕತೆಗೆ ತಂದರು. ಅದು ಇನ್ನೊಂದು ಬಗೆಯ ಧೈರ್ಯ.

ಪ್ರಶ್ನೆ: ಅಲ್ಲಿಯ ಕವಿಗಳು ಬೇಸಿಗೆಯನ್ನು ಅಷ್ಟು ಹೊಗಳುವುದೇಕೆ? ನಮ್ಮಲ್ಲಿ ಮಳೆಯನ್ನಲ್ಲವೇ ಕಾಯುವುದು? – ಸಿದ್ದಾಪುರ

ಉತ್ತರ: ಬೆಳಕಿಗಾಗಿ. ವರ್ಡ್ಸ್‌ವರ್ತ್‌ನ ಸರೋವರ ಪ್ರಾಂತ್ಯದಲ್ಲಿ (ಲೇಕ್ ಡಿಸ್ಟ್ರಿಕ್ಟ್) ಜೂನ್ ಕೊನೆಯ ಹಗಲು ಸುಮಾರು 17 ಗಂಟೆ, ಡಿಸೆಂಬರಿನದು ಏಳೂವರೆ. ಕಾರವಾರದಲ್ಲಿ ವರ್ಷದ ಅತಿ ಉದ್ದ ಮತ್ತು ಅತಿ ಚಿಕ್ಕ ಹಗಲಿಗೆ ಎರಡು ಗಂಟೆಯೂ ವ್ಯತ್ಯಾಸವಿಲ್ಲ. ಮಳೆಯಂತೂ ಅಲ್ಲಿ ಅತಿಥಿಯೇ ಅಲ್ಲ. ಅದೇ ಪ್ರಾಂತ್ಯದ ಸೀತ್‌ವೇಟ್‌ನಲ್ಲಿ ವರ್ಷಕ್ಕೆ 3,000 ಮಿ.ಮೀ. ದಾಟುತ್ತದೆ, ಹೆಚ್ಚುಕಡಿಮೆ ನಮ್ಮ ಕರಾವಳಿಯಷ್ಟೇ. ನಮ್ಮದು ನಾಲ್ಕು ತಿಂಗಳಲ್ಲಿ ಸುರಿದು ಮುಗಿಯುತ್ತದೆ, ಅವರದು ಹನ್ನೆರಡು ತಿಂಗಳೂ ಜಿನುಗುತ್ತದೆ.

ಪ್ರಶ್ನೆ: ನಮ್ಮ ಕರಾವಳಿಯ ಬಗ್ಗೆ ಹಾಗೆ ಬರೆಯಬೇಕೆಂದಿದೆ. ಎಲ್ಲಿಂದ ಶುರು ಮಾಡುವುದು? – ಗೋಕರ್ಣ, ಕಾರವಾರದಿಂದ ಇಬ್ಬರು

ಉತ್ತರ: ಪದ್ಯದಿಂದ ಬೇಡ, ಟಿಪ್ಪಣಿಯಿಂದ. ಸೆಲ್‌ಬೋರ್ನ್ ಊರಿನ ಪಾದ್ರಿ ಗಿಲ್ಬರ್ಟ್ ವೈಟ್ 1789ರಲ್ಲಿ ಪ್ರಕಟಿಸಿದ ಪತ್ರಗಳಲ್ಲಿ ಹೊಲದ ಪುಟ್ಟ ಇಲಿಯನ್ನು ‘ಬಹಳ ಚಿಕ್ಕದು’ ಎಂದು ಬಿಡುವುದಿಲ್ಲ. ತಕ್ಕಡಿಯಲ್ಲಿ ಎರಡು ಇಲಿ ಸೇರಿ ತಾಮ್ರದ ಒಂದು ಅರೆಪೆನ್ನಿಗೆ ತೂಗಿದವು ಎನ್ನುತ್ತಾನೆ. ಅದರ ಗೂಡು ಕ್ರಿಕೆಟ್ ಚೆಂಡಿನಷ್ಟು, ಒಳಗೆ ಎಂಟು ಮರಿಗಳಿದ್ದರೂ ಮೇಜಿನ ಮೇಲೆ ಉರುಳಿಸಿದರೆ ಕೆಡುವುದಿಲ್ಲ.

ನೀವು ಅರ್ಧ ಕಿ.ಮೀ. ದಾರಿ ಗೊತ್ತುಮಾಡಿಕೊಳ್ಳಿ. ಅಘನಾಶಿನಿಯ ಗಜನಿ (ಹೊಳೆಯಂಚಿನ ಉಪ್ಪುನೀರಿನ ಗದ್ದೆ) ಕಟ್ಟೆಯಾದರೆ ಒಳ್ಳೆಯದು, ಅಲ್ಲಿ ವರ್ಷವಿಡೀ ಏನಾದರೂ ನಡೆಯುತ್ತದೆ. ವಾರಕ್ಕೊಮ್ಮೆ ಹೋಗಿ. ಇಲ್ಲಿ ಒಂದು ತೊಡಕಿದೆ: ಭರತಿ, ಅಂದರೆ ಉಬ್ಬರ, ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತದೆ, ಏಳು ದಿನಕ್ಕೆ ಆರು ಗಂಟೆಯ ಹತ್ತಿರ. ಅದೇ ಗಡಿಯಾರದ ಹೊತ್ತಿಗೆ ಹೋದರೆ ಒಂದು ವಾರ ಕಟ್ಟೆಯಂಚಿಗೆ ನೀರು, ಮುಂದಿನ ವಾರ ಬರೀ ಕೆಸರು. ಇದನ್ನು ಮರೆತವರು ‘ಹೊಳೆ ಬತ್ತುತ್ತಿದೆ’ ಎಂದು ಬರೆದುಬಿಡುತ್ತಾರೆ. ತಾರೀಕಿನ ಜೊತೆ ತಿಥಿ ಬರೆದಿಡಿ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ಉಬ್ಬರವೂ ಹೆಚ್ಚು, ಇಳಿತವೂ ಹೆಚ್ಚು.

ಗಾಳಿ ಯಾವ ದಿಕ್ಕಿನದು, ಯಾವ ಗಿಡ ಹೂಬಿಟ್ಟಿದೆ, ಯಾರು ಏನು ಕೆಲಸ ಮಾಡುತ್ತಿದ್ದಾರೆ – ಎಂಟು ಹತ್ತು ಸಾಲು ಸಾಕು. ಕೆಲಸವನ್ನು ಬಿಡಬೇಡಿ. ಮಳೆ ಉಪ್ಪನ್ನು ತೊಳೆದ ಮೇಲೆ ಮೊಳಕೆ ಬರಿಸಿದ ಕಗ್ಗ ಭತ್ತದ ಬೀಜ ಚೆಲ್ಲುವುದು, ಅಕ್ಟೋಬರ್ ಸುಮಾರಿಗೆ ನೀರಿನಲ್ಲಿ ನಿಂತು ತೆನೆ ಕೊಯ್ಯುವುದು, ಆಮೇಲೆ ಸಿಗಡಿ ಹಿಡಿಯುವುದು: ಇವಿಲ್ಲದ ಗಜನಿ ಬರೀ ಕ್ಯಾಲೆಂಡರ್ ಚಿತ್ರ. ಮೀನಿನ, ಗಿಡದ ಹೆಸರನ್ನು ಅಲ್ಲೇ ಕೆಲಸ ಮಾಡುವವರಲ್ಲಿ ಕೇಳಿ, ಊರಿನ ಹೆಸರೂ ಬರೆಯಿರಿ. ಕಾರವಾರದ ಹೆಸರು ಭಟ್ಕಳದಲ್ಲಿ ನಡೆಯದಿರಬಹುದು. ‘ರಮ್ಯ’, ‘ಮನೋಹರ’ ಬಂದಲ್ಲೆಲ್ಲ ಅಡ್ಡಗೆರೆ ಎಳೆದು ಅಲ್ಲಿ ಕಂಡದ್ದೇನು ಎಂದು ಕೇಳಿಕೊಳ್ಳಿ. ಮಳೆಗಾಲಕ್ಕೆ ಪೆನ್ಸಿಲ್ಲೇ ಸರಿ: ಶಾಯಿ ಹರಡುತ್ತದೆ, ಬಾಲ್‌ಪೆನ್ ತೇವದ ಕಾಗದದಲ್ಲಿ ಜಾರುತ್ತದೆ. ಅದೇ ಸಂಜೆ ಬಿಡಿಸಿ ಬರೆಯಿರಿ. ಎರಡು ದಿನ ಬಿಟ್ಟರೆ ಕಂಡದ್ದು ಹೋಗಿ ಓದಿದ್ದು ಬಂದು ಕೂರುತ್ತದೆ.

ಪ್ರಶ್ನೆ: ಮಗಳು ಇಂಗ್ಲೆಂಡಿನಲ್ಲಿದ್ದಾಳೆ. ಈ ಜಾಗಗಳನ್ನು ನಡೆದು ನೋಡಲು ಯಾವ ತಿಂಗಳು ಸರಿ? ಖಾಸಗಿ ಹೊಲದಲ್ಲಿ ಬಿಡುತ್ತಾರೆಯೇ? – ಯಲ್ಲಾಪುರ

ಉತ್ತರ: ಡ್ಯಾಫೊಡಿಲ್‌ಗೆ ಮಾರ್ಚ್ ಕೊನೆಯಿಂದ ಏಪ್ರಿಲ್ ನಡುವಿನವರೆಗೆ, ಬ್ರಾಂಟೆ ಸೋದರಿಯರ ಹಾವರ್ತ್‌ನಲ್ಲಿ ಹೆದರ್ ಎಂಬ ಕುರುಚಲು ಗಿಡ ಹೂಬಿಟ್ಟು ನೇರಳೆಯಾಗುವುದು ಆಗಸ್ಟ್‌ನಲ್ಲಿ. ಹೊಲದ ನಡುವಿನ ಸಾರ್ವಜನಿಕ ಕಾಲುದಾರಿಯಲ್ಲಿ ನಡೆಯುವುದು ಕಾನೂನಿನ ಹಕ್ಕು. ಹಳದಿ ಬಾಣ ಕಾಲುದಾರಿಗೆ, ನೀಲಿ ಬಾಣ ಕುದುರೆಗೂ ಅವಕಾಶವಿರುವ ದಾರಿಗೆ. ಆರ್ಡ್‌ನೆನ್ಸ್ ಸರ್ವೇಯ 1:25,000 ನಕಾಶೆ ಕೊಳ್ಳಿ, 4 ಸೆಂ.ಮೀ. ಅಂದರೆ 1 ಕಿ.ಮೀ. ಅದರಲ್ಲಿ ಹಸಿರು ತುಂಡುಗೆರೆ ಹಕ್ಕಿನ ದಾರಿ. ಕಪ್ಪು ತುಂಡುಗೆರೆ ದಾರಿ ಇದೆ ಎಂದಷ್ಟೇ ಹೇಳುತ್ತದೆ, ಹಕ್ಕಿದೆ ಎಂದಲ್ಲ. ಹೊಸಬರು ಎಡವುವುದು ಇಲ್ಲೇ. ಸಮಯದ ಅಂದಾಜಿಗೆ ಗಂಟೆಗೆ 5 ಕಿ.ಮೀ. ಹಿಡಿದು, ಪ್ರತಿ 100 ಮೀಟರ್ ಏರಿಗೆ 10 ನಿಮಿಷ ಕೂಡಿಸಬೇಕು. ಗೇಟು ಮುಚ್ಚಿದ್ದರೆ ದಾಟಿ ಮುಚ್ಚಬೇಕು, ತೆರೆದಿದ್ದರೆ ಹಾಗೇ ಬಿಡಬೇಕು. ಗುಡ್ಡದ ಮೇಲೆ ಕಣ್ಣು ಕುಕ್ಕುವ ಹಸಿರು ಪಾಚಿ ಕಂಡಲ್ಲಿ ಕಾಲಿಡಕೂಡದು, ಕೆಳಗೆ ಮೊಣಕಾಲುದ್ದ ನೀರಿರಬಹುದು.